ಎಲೆರಾಶಿಯ ಪಕ್ಕ ಹತ್ತು ನಿಮಿಷ

ಅವಳ ತಲೆಯೊಳಗೆ ಓಡಿದ್ದನ್ನು ಹೊರಗಿನವರು ಹೇಳಹೊರಡುವುದು ಅಧಿಕಪ್ರಸಂಗವೇ, ಕ್ಷಮೆಯಿರಲಿ — ಸರಕ್, ಸರಕ್, ಯಾರೋ ಗುಡಿಸುತ್ತಿದ್ದಾರೆ, ಕಿಟಕಿಯ ಕೆಳಗೇ, ಎರಡು ಉದ್ದ ಬೀಸು, ಒಂದು ಗಿಡ್ಡ, ಮೂವತ್ತು ವರ್ಷ ಅಪ್ಪ ಈ ಪಾರ್ಕನ್ನು ಗುಡಿಸಿದ್ದು ಹೀಗೆಯೇ, ಆಗ ಇದು ಬರೀ ಊರಿನ ಪಾರ್ಕು, ಈಗ ರೆಸಾರ್ಟು, ಎಲೆ ಉದುರುವ ಕಾಲದ ರಜೆಯಲ್ಲಿ ರೂಮು ಸಿಕ್ಕಿದ್ದೇ ಪುಣ್ಯ, ಆದರೆ ಅಪ್ಪನ ಕೈಯಲ್ಲಿ ಈಗ ಇರಬೇಕಾದದ್ದು ಪೊರಕೆಯಲ್ಲ, ಮಗು. ಹತ್ತು ನಿಮಿಷ ನೋಡ್ಕೊಳಪ್ಪ, ಸ್ನಾನ ಮಾಡಿ ಬರ್ತೀನಿ ಅಂದಿದ್ದಳು, ಬೇಕೆಂದೇ ಅಂದಿದ್ದಳು, ಪರೀಕ್ಷೆ ಅದು, ಸ್ವಂತ ಅಪ್ಪನಿಗೇ ಪರೀಕ್ಷೆ, ಛೆ — ಆದರೆ ಸೋಮವಾರ ಲ್ಯಾಬಿನ ಕೆಲಸಕ್ಕೆ ಮರಳಬೇಕು, ಮಗುವನ್ನು ದಿನವಿಡೀ ಅವನ ಕೈಗೇ ಬಿಡಬೇಕು, ಈಚೆಗೆ ಒಲೆ ಆರಿಸುವುದನ್ನೇ ಮರೆಯುತ್ತಾನೆ, ಮಾವನ ಕೈಲಿ ಆಗತ್ತಾ, ನೀನೇ ನೋಡಿ ಹೇಳು ಅಂದಿದ್ದಾನೆ ಗಂಡ, ರಕ್ತದ ಸೀಸೆಗೆ ಚೀಟಿ ಅಂಟಿಸುವಾಗ ಹೆಸರನ್ನು ಮೂರು ಸಲ ಓದುವವಳು ಅವಳು, ಇದನ್ನು ಎಷ್ಟು ಸಲ ಓದಬೇಕು?

ಒದ್ದೆ ಕೂದಲಲ್ಲೇ ಓಡಿದಳು, ಮೆಟ್ಟಿಲು, ಕಾಲುದಾರಿ, ಅಲ್ಲಿ ಮ್ಯಾನೇಜರ್ ಕೈಮುಗಿದು ನಿಂತಿದ್ದಾನೆ, ಯಜಮಾನ್ರೇ, ದಯವಿಟ್ಟು ಗುಡಿಸ್ಬೇಡಿ, ನಿನ್ನೆ ಮೂಟೆಗಟ್ಟಲೆ ಎಲೆ ತಂದು ಸುರಿಸಿದೀವಿ, ಬಂದೋರು ಫೋಟೊ ತೆಗೀಬೇಕಲ್ಲ — ಎಲೆ ಸುರಿಯೋಕೂ ಸಂಬಳವೇನ್ರೀ, ಮೊದ್ಲೇ ಹೇಳಿದ್ರೆ ಮೂವತ್ತು ವರ್ಷ ಕಾಲು ಚಾಚ್ಕೊಂಡು ಕೂತಿರ್ತಿದ್ದೆನಲ್ಲ! ಅಂದ ಅಪ್ಪ, ಸುತ್ತಲಿನವರು ನಕ್ಕರು, ಅವಳೂ ನಕ್ಕಳು, ಬುದ್ಧಿ ಮಂಕಾದವನ ಮಾತೇನು ಇದು, ಅಲ್ಲ, ಎದೆ ಹಗುರಾಯಿತು, ಅಪ್ಪ ಮಾತ್ರ ಮತ್ತೆ ಪೊರಕೆ ಬೀಸಿದ, ಸರಕ್, ಆಗಲೇ ಕಂಡದ್ದು, ಮಗುವಿನ ತಳ್ಳುಗಾಡಿ ಖಾಲಿ, ಮತ್ತೆ ಅವನ ಮುಂದಿನ ಎಲೆರಾಶಿಯಲ್ಲಿ ಒಂದು ಪುಟ್ಟ ಪಾದ, ಕಾಲುಚೀಲ ಕಳಚಿದ್ದು, ಪೊರಕೆ ಬರುತ್ತಿದೆ, ಬಂತು, ನಾಲ್ಕು ಬೆರಳಾಚೆ ನಿಂತಿತು.

ಅಪ್ಪಾ, ಮಗು! ಇಲ್ಲೇ ಇದೆಯಲ್ಲೇ, ಯಾಕೆ ಬಾಯಿ ಬಡ್ಕೋತೀಯ, ನಿನ್ನನ್ನೂ ಹೀಗೇ ಎಲೆ ಒಳಗೆ ಕೂರಿಸ್ತಿದ್ದೆ, ಬೆಚ್ಚಗಿರತ್ತೆ ಅಂತ. ಹೌದು, ಆ ಒಣ ವಾಸನೆ, ಕುತ್ತಿಗೆಗೆ ಚುಚ್ಚುವ ತೊಟ್ಟು, ನೆನಪಿದೆ, ಅಥವಾ ಅವನು ಹೇಳಿ ಹೇಳಿ ನೆನಪಾಗಿದೆಯೋ, ಮಗು ನಗುತ್ತಿದೆ, ಎಲೆ ಕಚ್ಚುತ್ತಿದೆ, ಕಸಿದುಕೊಂಡಳು, ಎತ್ತಿಕೊಂಡಳು, ಆದರೆ ಇಲ್ಲೇ ಇದೆ ಅನ್ನುವ ಮೊದಲು ಅಪ್ಪ ಅತ್ತಿತ್ತ ನೋಡಿದನಲ್ಲ, ನೋಡಿದನೇ, ಪಾದ ಕಂಡೇ ನಿಲ್ಲಿಸಿದೆಯಾ ಅಂತ ಕೇಳಿದರೆ ಹೂಂ ಅನ್ನುತ್ತಾನೆ, ಅಪ್ಪ ಯಾವತ್ತು ಅವಳಿಗೆ ಇಲ್ಲ ಅಂದಿದ್ದಾನೆ, ಜೇಬಿನಲ್ಲಿ ಫೋನು ಅದುರುತ್ತಿದೆ, ಗಂಡನೇ, ಏನು ಹೇಳುವುದು, ಕಂಡು ನಿಲ್ಲಿಸಿದನೋ, ತೋಳು ಸೋತು ನಿಂತಿತೋ, ಅವಳಿಗೆ ಗೊತ್ತಿಲ್ಲ, ಫೋನು ಅದುರುತ್ತಲೇ ಇದೆ, ಪುಟ್ಟ ಪಾದ, ನಾಲ್ಕು ಬೆರಳಾಚೆ ಪೊರಕೆ, ಗೊತ್ತಿಲ್ಲ, ಪುಟ್ಟ ಪಾದ, ನಾಲ್ಕು ಬೆರಳು