ಹೆಣ್ಣು ಬಂದರೆ ಸರಿಯಾಗ್ತಾನೆ

ತ್ರಿಪ್ಲಿಕೇನಿನ ಆ ಬೀದಿಯಲ್ಲಿ ಕಿಟ್ಟಣ್ಣನವರ ಹೋಟೆಲಿಗೆ ಒಳ್ಳೆಯ ಹೆಸರಿತ್ತು. ಕೆಳಗೆ ಹೋಟೆಲು, ಮೇಲೆ ಮನೆ. ಅವರ ತೀರಿಹೋದ ತಮ್ಮ ಕೃಷ್ಣರಾಜನ ಹೆಂಡತಿ ರತ್ನಾವತಿ ಬೆಳಗಾಗುತ್ತಲೇ ಸಾಂಬಾರಿನ ಹುಡಿಗೆ ಮೆಣಸು, ಕೊತ್ತಂಬರಿ ಹುರಿಯಲು ಕೂರುವಳು. ಅವಳ ಮಗ ವಿಷ್ಣುಮೂರ್ತಿ ಉಗ್ರಾಣ ನೋಡಿಕೊಳ್ಳುವನು. ಮದ್ರಾಸಿನಲ್ಲಿ ಪಾನನಿಷೇಧ ಬಂದು ಹದಿನೈದು ವರ್ಷವಾಗಿದ್ದರೂ ಅವನು ಸಂಜೆಯಾದರೆ ಕೂವಂ ನದಿಯ ದಂಡೆಯ ಕಡೆ ಹೋಗಿ ಕಳ್ಳಭಟ್ಟಿ ಕುಡಿದು ಬರುತ್ತಿದ್ದ. ಮನೆಯಲ್ಲಿ ಅದಕ್ಕೆ 'ಹೊಟ್ಟೆನೋವು' ಎಂದು ಹೆಸರು. ಯಾರು ಕೇಳಿದರೂ ಹೊಟ್ಟೆನೋವು.

ಒಂದು ದಿನ ಊಟಕ್ಕೆ ಕುಳಿತ ಕಿಟ್ಟಣ್ಣನವರು ಹೇಳಿದರು: "ರತ್ನಾ, ಕುಂದಾಪುರ ಕಡೆಯ ಸುಬ್ರಾಯರಿಗೊಬ್ಬಳು ಮಗಳುಂಟು, ಜಯಲಕ್ಷ್ಮೀ ಅಂತ. ಬರುವ ಆದಿತ್ಯವಾರ ಅವರು ಇಲ್ಲಿಗೆ ಬರ್ತಾರೆ. ವಿಷ್ಣುವಿಗೆ ಮಾತು ಮುಗಿಸುವ."

"ಭಾವ, ಇವನ ವಿಷಯ ಅವರಿಗೆ ಗೊತ್ತುಂಟಾ?"

"ಎಂಥ ವಿಷಯ? ಹೆಣ್ಣು ಬಂದರೆ ಸರಿಯಾಗ್ತಾನೆ."

"ನಾನು ಬಂದು ನಿಮ್ಮ ತಮ್ಮ ಸರಿಯಾದರಾ?"

ಕಿಟ್ಟಣ್ಣನವರ ಕೈ ತುತ್ತಿನ ಮೇಲೆ ನಿಂತಿತು. "ಅದು ಅವನ ಹಣೆಬರಹ," ಎಂದು ಮಜ್ಜಿಗೆ ಕೇಳಿದರು.

ರತ್ನಾವತಿ ಹದಿನೇಳಕ್ಕೆ ಈ ಮನೆಗೆ ಬಂದವಳು, ಮೂವತ್ತಕ್ಕೆ ವಿಧವೆಯಾದವಳು. ಗಂಡ ಸತ್ತ ಹನ್ನೊಂದನೆಯ ದಿನ ಹಿರಿಯರು ಪಡಸಾಲೆಯಲ್ಲಿ ಮಾತಾಡಿಕೊಳ್ಳುತ್ತಿದ್ದುದು ಅವಳ ಕಿವಿಗೆ ಬಿದ್ದಿತ್ತು. ಮದುವೆಗೆ ಮೊದಲೇ ಕುಡಿಯುತ್ತಿದ್ದನಂತೆ. ಮದುವೆಯಾದರೆ ಬಿಟ್ಟಾನು ಎಂದುಕೊಂಡಿದ್ದರಂತೆ. ಜ್ವರ ಬಂದರೆ ವೈದ್ಯರನ್ನು ಹುಡುಕುವ ನಾವು ಕುಡಿತಕ್ಕೆ ಮಾತ್ರ ಹುಡುಗಿಯನ್ನು ಹುಡುಕುತ್ತೇವೆ. ಆ ಹುಡುಗಿಯ ಗತಿಯೇನೆಂದು ಯಾರೂ ಕೇಳುವುದಿಲ್ಲ.

ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಬಡಗಿಯಾಗಿದ್ದ ಏಕಾಂತಪ್ಪ ಒಂದು ಕಾಲಕ್ಕೆ ಕುಡಿದು ಬಂದು ಗಲಾಟೆ ಮಾಡಿ ಅದೇ ಹೋಟೆಲಿನಿಂದ ಹೊರದೂಡಿಸಿಕೊಂಡವನು. ಈಗ ಎರಡು ವರ್ಷದಿಂದ ಶುಭ್ರವಾದ ಅಂಗಿ ತೊಟ್ಟು ಬಂದು ಊಟ ಮಾಡಿ ಹೋಗುತ್ತಿದ್ದ. ಮರುದಿನ ಅವನು ಕೈತೊಳೆಯಲು ಹಿತ್ತಲಿಗೆ ಬಂದಾಗ ರತ್ನಾವತಿ, ಕುಡಿತ ಹೇಗೆ ಬಿಟ್ಟಿರೆಂದು ಕೇಳಿಯೇಬಿಟ್ಟಳು.

"ಅಕ್ಕಾರ, ಪೆರಂಬೂರಾಗ ಒಂದು ಸಾಲಿ ಐತ್ರಿ. ಶನಿವಾರ ಸಂಜಿ ಐದಕ್ಕ ಅದರ ಹಿಂದಿನ ಖೋಲ್ಯಾಗ ಕುಡಿಯೋದು ಬಿಟ್ಟವರು, ಬಿಡಬೇಕನ್ನೋರು ಎಲ್ಲಾ ಕೂಡ್ತೀವ್ರಿ. ಹೆಸರು ಸೈತ ಕೇಳಂಗಿಲ್ಲ."

"ಕೂತು ಎಂಥ ಮಾಡ್ತೀರಿ?"

"ಮಾತಾಡ್ತೀವ್ರಿ. ಒಬ್ಬರದು ಒಬ್ಬರು ಕೇಳ್ತೀವ್ರಿ."

ಬರೀ ಮಾತಿಗೆ ಬಿಟ್ಟುಹೋಗುವ ಚಟವೇ ಇದು? ಭಟ್ಟಿಯವರೇ ಮಾಡಿಕೊಂಡ ಕೂಟವಿರಬಹುದು. ಕುಡುಕರನ್ನು ಒಟ್ಟಿಗೆ ಹಿಡಿಯಲು ಪೊಲೀಸರು ಒಡ್ಡಿದ ಬಲೆಯೂ ಇರಬಹುದು. ಅವಳ ಮುಖ ನೋಡಿ ಏಕಾಂತಪ್ಪ ನಕ್ಕ. "ನಾನೂ ಮೊದಲನೇ ದಿನ ಪೊಲೀಸರು ಎಲ್ಲಿ ಅಡಗ್ಯಾರ ಅಂತ ಬಾಗಲಾಗ ನಿಂತು ನೋಡೀನ್ರಿ."

ಶನಿವಾರ ದೇವಸ್ಥಾನಕ್ಕೆಂದು ಹೇಳಿ ಅವಳೊಬ್ಬಳೇ ಪೆರಂಬೂರಿನ ಆ ಶಾಲೆಯ ಹಿಂದಿನ ಕೋಣೆಗೆ ಹೋದಳು. ಗೋಡೆ, ಕಪಾಟು, ಕಿಟಕಿ ಎಲ್ಲವನ್ನೂ ಕಣ್ಣಲ್ಲೇ ಜಾಲಾಡಿದಳು. ಹತ್ತು ಜನರಿದ್ದರು. ಗುಮಾಸ್ತನಂತಿದ್ದವನೊಬ್ಬ ಎದ್ದು, ಬಿಟ್ಟು ನಲವತ್ತೊಂದು ದಿನವಾಯಿತೆಂದು ತಮಿಳಿನಲ್ಲಿ ಹೇಳಿ ಕಣ್ಣೊರೆಸಿಕೊಂಡ. ಇದೆಲ್ಲ ತನ್ನೆದುರು ಹೂಡಿದ ನಾಟಕವೇ ಎಂದು ಅವಳಿಗೆ ಅನುಮಾನ. ಅಷ್ಟರಲ್ಲಿ ಒಬ್ಬ ತೂರಾಡುತ್ತ ಒಳಗೆ ಬಂದು ಬೆಂಚಿಗೆ ಎಡವಿ ಬಿದ್ದ. ಅವಳು ಎದ್ದು ಗೋಡೆಗೆ ಒತ್ತಿ ನಿಂತಳು. ಯಾರೂ ಬೈಯಲಿಲ್ಲ, ಎಳೆದು ಹೊರಹಾಕಲೂ ಇಲ್ಲ. ಏಕಾಂತಪ್ಪ ಅವನನ್ನು ಎಬ್ಬಿಸಿ ಕೂರಿಸಿ, ಕಾಫಿ ಕುಡಿಸಿ, ಪಕ್ಕದಲ್ಲೇ ಕುಳಿತ. ಕುಡುಕನನ್ನು ಹೊಡೆಯುವುದನ್ನೂ ಬಚ್ಚಿಡುವುದನ್ನೂ ಮಾತ್ರ ಕಂಡಿದ್ದ ರತ್ನಾವತಿ ಅದನ್ನೇ ನೋಡುತ್ತ ನಿಂತಳು.

ಆದಿತ್ಯವಾರ ಬೆಳಿಗ್ಗೆ ಮಗನಿಗೆ ಆ ಕೂಟದ ವಿಷಯ ಹೇಳಿದರೆ ಅವನು, "ನನ್ನನ್ನು ಪೊಲೀಸರಿಗೆ ಹಿಡಿದುಕೊಡ್ತೀಯಾ?" ಎಂದ. ಕಿಟ್ಟಣ್ಣನವರು, "ಅದು ಜಾತಿ ಕೆಡಿಸುವವರ ಕೆಲಸ. ಇವತ್ತು ನೀನು ಬಾಯಿ ಮುಚ್ಚಿಕೊಂಡಿರು," ಎಂದರು.

ಮಧ್ಯಾಹ್ನ ಸುಬ್ರಾಯರು ಬಂದರು. ತೆಳ್ಳಗಿನ ಮನುಷ್ಯ, ಕುರ್ಚಿಯ ತುದಿಯಲ್ಲಿ ಕುಳಿತರು. ಕಿಟ್ಟಣ್ಣನವರು ಮುಹೂರ್ತದ ಮಾತೆತ್ತಿದಾಗ ರತ್ನಾವತಿ ಒಳಗಿನಿಂದ ಬಂದು ನಿಂತಳು.

"ನನ್ನ ಮಗ ಕುಡಿಯುತ್ತಾನೆ. ಇವನ ಅಪ್ಪನ ಹಾಗೆ ದಿನಾಲೂ ಕುಡಿಯುತ್ತಾನೆ. ನಿಮ್ಮ ಮಗಳನ್ನು ಕೊಡಬೇಡಿ."

ಸುಬ್ರಾಯರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೆತ್ತ ತಾಯಿ ಹೀಗೆ ಹೇಳುವುದುಂಟಾ? ಬೇರೆ ದೊಡ್ಡ ಸಂಬಂಧ ಬಂತೋ? ನಾವು ಬೇಡವಾದರೆ ನೇರ ಹೇಳಿ."

"ಅವಳಿಗೆ ತಲೆ ಸರಿಯಿಲ್ಲ," ಎಂದರು ಕಿಟ್ಟಣ್ಣನವರು.

ಸುಬ್ರಾಯರು ಹುಡುಗನ ಕಡೆ ತಿರುಗಿ, "ಕುಡಿಯುವುದುಂಟಾ?" ಎಂದರು. ವಿಷ್ಣುಮೂರ್ತಿ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟ. ಅವನು ದೊಡ್ಡಪ್ಪನ ಮುಖ ನೋಡಿದ, ಆಮೇಲೆ ಅಮ್ಮನದು.

"ಹೌದು," ಎಂದ.

ಸುಬ್ರಾಯರು ಎದ್ದು ಮೆಟ್ಟಿಲವರೆಗೆ ಹೋದವರು ತಿರುಗಿ ಕೇಳಿದರು: "ನಿಮ್ಮ ಅಪ್ಪನಿಗೆ ಯಾರೂ ಹೀಗೆ ಹೇಳಲಿಲ್ಲವಾ ಅಮ್ಮ?"

"ಇಲ್ಲ," ಎಂದಳು ರತ್ನಾವತಿ.

ಅಂದಿನಿಂದ ಕಿಟ್ಟಣ್ಣನವರು ಅವಳೊಡನೆ ಮಾತು ಬಿಟ್ಟರು. ವಿಷ್ಣು ಮೂರು ದಿನ ಕುಡಿದ. ನಾಲ್ಕನೆಯ ದಿನ ಮಂಚದಿಂದ ಏಳಲಿಲ್ಲ. ಶನಿವಾರ ಸಂಜೆ ತಾನಾಗಿಯೇ ಅಂಗಿ ಹಾಕಿಕೊಂಡ.

ಪೆರಂಬೂರಿನ ಆ ಕೋಣೆಯ ಮುಂದೆ ಅವನ ಕಾಲು ನಿಂತಿತು. "ಅಮ್ಮ, ಒಳಗಿರುವವರು ಯಾರು ಅಂತ ನಿನಗೆ ಸರಿಯಾಗಿ ಗೊತ್ತುಂಟಾ?"

"ಇಲ್ಲ ಮಗಾ. ಆದರೆ ಕೂವಂ ದಂಡೆಯವರು ಯಾರು ಅಂತ ಗೊತ್ತುಂಟು."

ಅವನು ಒಳಗೆ ಹೋಗಿ ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ, ಓಡಿಹೋಗಲು ಅನುಕೂಲವಾಗುವಂತೆ ಓರೆಯಾಗಿ ಕುಳಿತ. ಏಕಾಂತಪ್ಪ ಏನೂ ಕೇಳದೆ ಪಕ್ಕಕ್ಕೆ ಬಂದು ಕುಳಿತ. ರತ್ನಾವತಿ ಹೊರಗಿನ ಜಗಲಿಯ ಮೇಲೆ, ಬಾಗಿಲಿನಿಂದ ಕಣ್ಣು ಕೀಳದೆ, ಆರೂವರೆಗೆ ಕೂಟ ಮುಗಿಯುವ ತನಕ ಕಾದಳು. ನಡುವೆ ಅವನು ಒಮ್ಮೆಯೂ ಎದ್ದು ಹೊರಗೆ ಬರಲಿಲ್ಲ.