ಕೆಂಪು ದಾರ

ಶವದ ಪೆಟ್ಟಿಗೆ ಎತ್ತಲು ಬಗ್ಗಿದ್ದ ನಾಲ್ವರೂ ಹಾಗೇ ನಿಂತರು. ಸತ್ತವನ ಹೆಂಡತಿ ಆಸ್ಪತ್ರೆಯಿಂದ ಬಂದ ಅವನ ಬಟ್ಟೆಗಳ ಚೀಲವನ್ನು ಮೂರನೇ ಸಲ ನೆಲಕ್ಕೆ ಸುರಿದು, ಪ್ಯಾಂಟಿನ ಜೇಬುಗಳನ್ನು ಹೊರಕ್ಕೆಳೆದಳು. ಒಣಗಿದ ಹಿಟ್ಟು ಉದುರಿತು. ಬೇರೇನೂ ಇರಲಿಲ್ಲ.

“ಬುಗುರಿ ಇಲ್ಲದೆ ಕಳಿಸಲ್ಲ,” ಎಂದಳು.

“ಹೊತ್ತಾಯ್ತು ಕಣೆ,” ಎಂದಳು ಸತ್ತವನ ಅಕ್ಕ. “ಐವತ್ತೆರಡು ವರ್ಷದ ಗಂಡಸಿಗೆ ಬುಗುರಿ ಯಾಕೆ?”

“ನಿಮ್ಮ ತಮ್ಮನ್ನೇ ಕೇಳಿ.”

ಬಿಸ್ಕತ್ತು ಕಾರ್ಖಾನೆಯಲ್ಲಿ ಅವನ ಹೆಸರೇ ಬುಗುರಿ. ಊಟದ ಬಿಡುವಿನಲ್ಲಿ ಆಡಿಸುತ್ತಿದ್ದ. ಸೋತರೆ ಮುಖ ಊದಿಸಿಕೊಳ್ಳುತ್ತಿದ್ದ, ಗಂಟೆ ಹೊಡೆಯುವಷ್ಟರಲ್ಲಿ ಮರೆತಿರುತ್ತಿದ್ದ. ಬುಗುರಿಗೆ ಸುತ್ತುವ ಕೆಂಪು ದಾರದ ತುದಿಗೆ ಅವನ ಬೀಗದ ಕೀಲಿ ಗಂಟುಹಾಕಿತ್ತು.

“ಅಮ್ಮಾ, ಇಲ್ಲೊಂದು ಸಹಿ ಹಾಕಿಬಿಡಿ. ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ,” ಎಂದು ಸೂಪರ್‌ವೈಸರ್ ಕಾಗದ ಚಾಚಿದ.

ಕಾರ್ಖಾನೆಯಲ್ಲಿ ಬುಗುರಿಯ ಜೊತೆ ದುಡಿಯುತ್ತಿದ್ದ ಓವನ್ನಿನವನು ಅದನ್ನು ಕಿತ್ತುಕೊಂಡು ಗಟ್ಟಿಯಾಗಿ ಓದಿದ: “ಕೀಲಿಯನ್ನು ಮನೆಯಲ್ಲೇ ಮರೆತು, ಸ್ವಿಚ್ಚಿಗೆ ಬೀಗ ಹಾಕದೆ ಯಂತ್ರದೊಳಗೆ ಇಳಿದು, ತನ್ನದೇ ಅಜಾಗರೂಕತೆಯಿಂದ…”

ಅಷ್ಟಕ್ಕೇ ಕಾಗದ ಕೆಳಗಿಳಿಸಿದ.

*

ಹಿಟ್ಟು ಕಲಸುವ ಯಂತ್ರದ ಹೊಟ್ಟೆಯಲ್ಲಿ ಒಬ್ಬ ಆಳು ಕೂರಬಹುದು. ಅಂಟಿದ ಹಿಟ್ಟು ಕೆರೆಯಲು ಇಳಿಯುವವನು, ಬೇರೆ ಯಾರೂ ಯಂತ್ರ ಓಡಿಸದ ಹಾಗೆ, ಸ್ವಿಚ್ಚಿಗೆ ತನ್ನ ಬೀಗ ಜಡಿದು, ಕೀಲಿಯನ್ನು ತನ್ನ ಜೇಬಿಗೇ ಹಾಕಿಕೊಳ್ಳಬೇಕು. ಹೋದ ತಿಂಗಳು ಬುಗುರಿ ಬೀಗ ಜಡಿದವನೇ ಕೀಲಿಯನ್ನು ದಾರ, ಬುಗುರಿ ಸಮೇತ ಸೂಪರ್‌ವೈಸರನ ಕೈಗಿಟ್ಟು ಇಳಿದಿದ್ದ. ಓವನ್ನಿನವನು ಅದನ್ನು ನೋಡಿದ.

“ಲೋ, ತಲೆ ನೆಟ್ಟಗಿದೆಯಾ? ಕೀಲಿ ಯಾಕೆ ಕೊಟ್ಟೆ?”

“ಯಂತ್ರ ಬೇಗ ಶುರು ಮಾಡ್ಬೇಕಂತೆ. ಕೇಳಿದರು, ಕೊಟ್ಟೆ.”

“ಕೇಳಿದರೆ ಕುತ್ತಿಗೆನೂ ಕೊಡ್ತೀಯಾ?”

ಬುಗುರಿ ಯಂತ್ರದ ಬಾಯಿಂದ ತಲೆ ಹೊರಹಾಕಿ ನಕ್ಕ. ಮೂಗಿನ ಮೇಲೆ ಹಿಟ್ಟು. “ಒಳಗೆ ನಾನಿದ್ದೀನಿ ಅಂತ ಅವರಿಗೆ ಗೊತ್ತಲ್ವೇನೋ.”

ಆ ನಗು ನೋಡಿ ಓವನ್ನಿನವನೂ ನಕ್ಕುಬಿಟ್ಟಿದ್ದ.

*

“ಮರೆತಿಲ್ಲ,” ಎಂದಳು ಹೆಂಡತಿ. “ನಿನ್ನೆ ಬೆಳಿಗ್ಗೆ ಬುಗುರಿ, ಕೀಲಿ ಎರಡನ್ನೂ ಜೇಬಿಗೆ ಹಾಕಿ ಕಳಿಸಿದ್ದೇ ನಾನು.”

“ಗಾಬರೀಲಿ ಹಾಗನ್ಸುತ್ತಮ್ಮ.” ಸೂಪರ್‌ವೈಸರ್ ಗಡಿಯಾರ ನೋಡಿಕೊಂಡ. “ಸಂಜೆಯೊಳಗೆ ಕಾಗದ ಆಫೀಸಿಗೆ ಹೋಗ್ಬೇಕು.”

“ಬುಗುರಿ ಕೊಡಿ, ಸಹಿ ಹಾಕ್ತೀನಿ. ಯಾರ ಹತ್ರ ಇದ್ರೂ ಸರಿ. ಏನೂ ಕೇಳಲ್ಲ.”

ಅವನು ಅವಳ ಮುಖವನ್ನೇ ನೋಡಿದ. ಇಪ್ಪತ್ತು ವರ್ಷ ಬಾಳಿ ಇವಳೂ ಗಂಡನ ಹಾಗೇ ಆಗಿದ್ದಾಳೆ ಅಂದುಕೊಂಡನೋ ಏನೋ, ಜೇಬಿಗೆ ಕೈ ಹಾಕಿದ.

“ಯಂತ್ರದ ಹತ್ರ ಬಿದ್ದಿತ್ತು. ಕೊಡೋಣ ಅಂತಾನೇ ತಂದೆ.”

ಅವಳು ಕೈ ಚಾಚಿ ಇಸಿದುಕೊಂಡಳು. ಗಂಡ ಸುತ್ತುತ್ತಿದ್ದ ಹಾಗೆ ಬುಗುರಿಗೆ ದಾರ ಸುತ್ತತೊಡಗಿದಳು. ದಾರ ಬೇಗ ಮುಗಿಯಿತು. ತುದಿಯಲ್ಲಿ ಗಂಟಿಲ್ಲ, ಕೀಲಿಯಿಲ್ಲ. ಬ್ಲೇಡಿನಲ್ಲಿ ಹೊಸದಾಗಿ ಕೊಯ್ದ ಎಳೆಗಳು ಬಿರಿದುಕೊಂಡಿದ್ದವು. ಆ ತುದಿಯನ್ನು ಓವನ್ನಿನವನ ಮುಂದೆ ಹಿಡಿದಳು.

“ಈಗ ಸಹಿ, ಅಮ್ಮಾ,” ಎಂದ ಸೂಪರ್‌ವೈಸರ್.

ಅವಳು ದಾರ ಬಿಚ್ಚಿ, ಬುಗುರಿಯನ್ನು ಗಂಡನ ಅಂಗೈಲಿಟ್ಟು ಬೆರಳು ಮಡಿಸಿದಳು. ದಾರವನ್ನು ಮಾತ್ರ ತನ್ನ ಮುಷ್ಟಿಯಲ್ಲೇ ಉಳಿಸಿಕೊಂಡಳು.

ನಾಲ್ವರೂ ಪೆಟ್ಟಿಗೆಯಿಂದ ಕೈ ತೆಗೆದು ನೆಟ್ಟಗಾದರು. ಹೊರಗೆ ನಿಂತಿದ್ದ ಕಾರ್ಖಾನೆಯವರು ಒಬ್ಬೊಬ್ಬರಾಗಿ ಒಳಬಂದರು. ಕಡೆಯವನು ಬಂದ ಮೇಲೆ ಓವನ್ನಿನವನು ಬಾಗಿಲು ಮುಚ್ಚಿ, ನಿಧಾನವಾಗಿ ಚಿಲಕ ಹಾಕಿದ.