ಹಂಡೆಯ ಪಾಲು

"ಇನ್ನ ಕಟ್ಟಿಗಿ ತುರಕಬ್ಯಾಡವಾ, ನೀರು ಸುಡಾಕತ್ತಾವ" ಎನ್ನುತ್ತ ನೆರೆಮನೆಯ ಪರಸವ್ವ ಶಬನಮಳ ಕೈಯಿಂದ ಕಟ್ಟಿಗೆ ಕಸಿದುಕೊಂಡಳು.

ಶಬನಮ ಹಂಡೆಗೆ ಒಂದು ತಂಬಿಗೆ ತಣ್ಣೀರು ಸುರಿದು ಮುಂಗೈ ಅದ್ದಿದಳು. ಈಗ ತಣ್ಣಗಾಯಿತು ಅನ್ನಿಸಿತು. ಮತ್ತೆ ಒಲೆ ಊದಿದಳು. ತಿಕೋಟಾದ ಆ ಮನೆಯೊಳಗೆ ಅವಳ ತಾಯಿ ಮಾಬುಬಿಯ ದೇಹ ಕೊನೆಯ ಸ್ನಾನಕ್ಕೆ ಕಾದಿತ್ತು. ಮಧ್ಯಾಹ್ನದ ನಮಾಜಿಗೆ ಮುಂಚೆ ಜನಾಜಾ ಹೊರಡಬೇಕೆಂದು ಸೋದರಮಾವ ನಾಸೀರ ಆಗಲೇ ಎರಡು ಸಲ ಹೇಳಿ ಕಳಿಸಿದ್ದ. ಮೊದಲ ತಂಬಿಗೆ ಮಗಳೇ ಹಾಕಲಿ ಎಂದು ಚಿಕ್ಕಮ್ಮ ಯಾಸ್ಮೀನ ಒಳಗಿನಿಂದ ಕರೆಯುತ್ತಲೇ ಇದ್ದಳು. ನೀರು ಹದವಾಗಿಲ್ಲ ಎಂಬುದೊಂದೇ ಶಬನಮಳ ಉತ್ತರ. ವಿಜಯಪುರದಿಂದ ಮೊದಲ ಬಸ್ಸಿಗೆ ಬಂದವಳು ಬಾಗಿಲಲ್ಲಿ ನಿಂತು ನೋಡಿದ್ದಳೇ ಹೊರತು ತಾಯಿಯನ್ನು ಮುಟ್ಟಿರಲಿಲ್ಲ. ನೀರು ಹದವಾದರೆ ಮುಟ್ಟಲೇಬೇಕು. ಅವಳಿಗಿದ್ದದ್ದು ಅದೇ ಭಯ.

*

ಮಾಬುಬಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಮನೆಗೆ ಬಂದರೂ ಮಾಸ್ತರಿಕೆ ಬಿಡುವವಳಲ್ಲ. ಚಳಿಗಾಲದ ಬೆಳಗ್ಗೆ ಟವೆಲು ಸುತ್ತಿಕೊಂಡು ಗಡಗಡ ನಡುಗುತ್ತ ನಿಂತ ಮಗಳು ನೀರಿಗೆ ಎಷ್ಟು ಶಾಖ ಬೇಕೆಂದು ಲೆಕ್ಕ ಹೇಳಬೇಕು, ಆಮೇಲೆಯೇ ಬಚ್ಚಲು. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಒಂದು ಕಿಲೋಕ್ಯಾಲೊರಿ.

"ಇಪ್ಪತ್ತು ಲೀಟರ್, ಇಪ್ಪತ್ತು ಡಿಗ್ರಿ. ನಾಕುನೂರು ಕಿಲೋಕ್ಯಾಲೊರಿ, ಅಮ್ಮೀ. ಇನ್ನರ ಬಿಡು."

"ಹಂಡೇದ ಪಾಲು ಮರತಿ. ಅದೂ ನೀರಿನ ಜೋಡಿ ಕಾಯ್ತದಲ್ಲ?"

"ಅದು ಸುಮ್ಮನ ಹಾಳಾತು ಹಂಗಾರ."

"ಹಾಳಾಗಂಗಿಲ್ಲ. ನೀರು ತೀರಿದ ಮ್ಯಾಲ ಮುಟ್ಟಿ ನೋಡು."

ಮಗಳಿಗೆ ಶಾಲೆಗೆ ತಡವಾಗಿತ್ತು. ಮುಟ್ಟಿ ನೋಡಲಿಲ್ಲ.

*

ಪರಸವ್ವ ತಾನೇ ನೀರಿಗೆ ಕೈಯದ್ದಿದಳು. "ನೀರು ಬರೋಬ್ಬರಿ ಅದಾವ. ನೀ ಅಂಜಾಕತ್ತಿ. ಹೋಗವ್ವಾ, ಅಕಿ ನಿಮ್ಮವ್ವ ಅದಾಳ."

ಶಬನಮ ಬಕೆಟ್ ಎತ್ತಿಕೊಂಡು ಒಳಗೆ ಹೋದಳು. ಬಾರಿಹಣ್ಣಿನ ಗಿಡದ ಎಲೆ ಹಾಕಿ ಕಾಯಿಸಿದ ನೀರನ್ನು ಹೊದಿಸಿದ ಬಟ್ಟೆಯ ಮೇಲೆಯೇ ತಾಯಿಯ ಬಲಭುಜಕ್ಕೆ ಸುರಿದಳು. ತೋಳು ಮುಟ್ಟಿದಳು; ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿತ್ತು. ಮೂರನೆಯ ತಂಬಿಗೆಗೆ ಅವಳ ಅಂಗೈ ಕೆಳಗೆ ಚರ್ಮ ಬೆಚ್ಚಗಾಯಿತು. ಆ ಬಿಸುಪು ನೀರಿನದೆಂದು ಅವಳಿಗೆ ಗೊತ್ತಿತ್ತು, ಆದರೂ ಕೈ ತೆಗೆಯಲು ಮನಸ್ಸಾಗಲಿಲ್ಲ. ಅದು ಆರಿತು. ಯಾಸ್ಮೀನ ಮೆಲ್ಲಗೆ ಅವಳ ಕೈ ಬಿಡಿಸಿದಳು.

ಗಂಡಸರು ಜನಾಜಾ ಹೊತ್ತು ಓಣಿ ದಾಟಿದರು. ಹೆಂಗಸರು ಒಳಗೆ ಕುಳಿತರು. ಹಿತ್ತಲಲ್ಲಿ ಪರಸವ್ವ ಆಗಷ್ಟೇ ಒಲೆಯಿಂದಿಳಿಸಿದ ಖಾಲಿ ಹಂಡೆಯನ್ನು ತೊಳೆಯಲು ಬಗ್ಗಿದ್ದಳು.

"ತಡೀರಿ ಪರಸಕ್ಕಾ."

ಶಬನಮ ನೆಲಕ್ಕೆ ಕುಳಿತು ಎರಡೂ ತೋಳುಗಳಿಂದ ಹಂಡೆಯನ್ನು ತಬ್ಬಿಕೊಂಡು ಕೆನ್ನೆಯಿಟ್ಟಳು. ಇನ್ನೂ ಬೆಚ್ಚಗಿತ್ತು. ಮಸಿ ಕೆನ್ನೆಗೂ ದುಪಟ್ಟಾಕ್ಕೂ ಹತ್ತಿತು. ಪರಸವ್ವ ಕೈಯಲ್ಲಿ ಬೂದಿ ಹಿಡಿದು ಕಾಯುತ್ತ ನಿಂತಳು.